ನಲ್ಲಿ ತಂದ ನಾಲ್ಕು ಸಾಲು

ಜಯನಗರ,
೧೪-೯-೧೯೬೧

ನನ್ನ ಪ್ರೀತಿಯ ವಿಮಲಾ,

ಹೇಗಿದ್ದೀಯ? ತುಮಕೂರಿನ ಗಾಳಿಗೆ ಕೆಮ್ಮು ಇಳಿಯಿತೇ? ನೀನು ಸಿಟ್ಟು ಮಾಡಿಕೊಂಡು ತವರಿಗೆ ಹೋಗಿ ಮೂರು ತಿಂಗಳಾಯಿತು, ಇದು ಹತ್ತನೇ ಕಾಗದ. ಹೋದ ಕಾಗದ ಓದಿ ನಿಮ್ಮಣ್ಣ ಚಪ್ಪಾಳೆ ಹೊಡೆದರು ಅಂತ ಬರೆದಿದ್ದೆಯಲ್ಲ, ಅವರಿಗೆ ನನ್ನ ನಮಸ್ಕಾರ. ನಾನು? ಹಾ! ಹೊಟ್ಟೆಯೊಳಗೆ ಬೆಂಕಿ ಕಣೇ, ಬೆಂಕಿ! ಹಚ್ಚಿದವಳು ಎರಡನೇ ಕ್ಲಾಸಿನ ಹೊಸ ಟೀಚರ್ ಚೂಡಾಮಣಿ. ಅವಳು ಬಾಯಿ ಬಿಟ್ಟರೆ ಮೊದಲ ಬೆಂಚಿಗೂ ಕೇಳಿಸುವುದಿಲ್ಲ!

ನಡೆದದ್ದು ಕೇಳು. ನಮ್ಮ ಸ್ಕೂಲಿಗೆ ನಲ್ಲಿ ಇರಲಿಲ್ಲವಷ್ಟೆ. ಮಕ್ಕಳ ಕೈಲೇ ಮನವಿ ಬರೆಸಿ, ಓದಿದರೆ ನೀರಿನ ಆಫೀಸಿನ ಎಂಜಿನಿಯರ ಮನಸ್ಸು ಕರಗಬೇಕು ಅಂದರು ಹೆಡ್‌ಮಾಸ್ಟರು. ನಾಟಕದ ಕಂಪನಿಯಲ್ಲಿ ಹತ್ತು ವರ್ಷ ಊರೂರನ್ನೇ ಅಳಿಸಿದವನಿಗೆ ಇದೊಂದು ಕೆಲಸವೇ? ನನ್ನ ಮೂರನೇ ಕ್ಲಾಸಿನ ಮುಂದೆ ಎದೆ ತಟ್ಟಿ ನಿಂತು ಮೂರು ಪುಟ ಹೇಳಿ ಬರೆಸಿದೆ. ‘ಎಲೈ ನಗರರಕ್ಷಕನೇ! ಕರುಣಾಸಾಗರನೇ!’ ಪಕ್ಕದ ಕ್ಲಾಸಿನವೂ ಬಂದು ಕಿಟಕಿಗೆ ಜೋತುಬಿದ್ದವು. ಎಂಜಿನಿಯರು ಅದನ್ನು ಆಫೀಸಿನಲ್ಲೆಲ್ಲ ಗಟ್ಟಿಯಾಗಿ ಓದಿಸಿ ಚಪ್ಪಾಳೆ ಹೊಡೆಸಿದರಂತೆ. ನಲ್ಲಿ ಮಾತ್ರ ಬರಲಿಲ್ಲ.

ಆಮೇಲೆ ಆ ಚೂಡಾಮಣಿ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ‘ಏನು ಬೇಕು? ಯಾಕೆ ಬೇಕು?’ ಅಂತ ಎರಡೇ ಪ್ರಶ್ನೆ ಕೇಳಿದಳು. ಅವೇ ಬರೆದವು: ‘ಸಾರ್, ನಮಗೆ ನಲ್ಲಿ ಬೇಕು. ನೀರಿಗೆ ರಸ್ತೆ ದಾಟ್ತೀವಿ. ಸೋಮವಾರ ನಮ್ಮ ಕ್ಲಾಸಿನ ಜಯದೇವಿಗೆ ಸೈಕಲ್ ತಾಗಿ ಮಂಡಿ ಒಡೆಯಿತು. ಹಾಕಿಸಿಕೊಡಿ.’ ನಾಲ್ಕು ಸಾಲು! ಒಂದು ಉಪಮೆ ಇಲ್ಲ, ಒಂದು ಅಯ್ಯೋ ಇಲ್ಲ! ಎಂಟು ದಿನಕ್ಕೆ ಪೈಪು ಬಂತು. ಅವಳಿಗೆ ಹಾರ ಹಾಕಿದಾಗ ನಾನೂ ಕೈ ತಟ್ಟಿದೆ, ಸದ್ದು ಬಾರದ ಹಾಗೆ. ಆ ನಲ್ಲಿಯ ನೀರು ಇವತ್ತಿನವರೆಗೂ ಮುಟ್ಟಿಲ್ಲ. ಮನೆಯಿಂದಲೇ ಚೆಂಬು ಒಯ್ಯುತ್ತೇನೆ. ಸಾಲದ್ದಕ್ಕೆ ನನ್ನದೇ ಕ್ಲಾಸಿನ ಅಮ್ಮಣ್ಣಿ, ಇಷ್ಟುದ್ದದ ಹುಡುಗಿ, ನಿನ್ನೆ ಎದ್ದು ನಿಂತು, ‘ಸಾರ್, ನೀವು ಬರೆಸಿದ್ದರಲ್ಲಿ ನಲ್ಲಿ ಬೇಕು ಅಂತ ಎಲ್ಲೂ ಇರಲೇ ಇಲ್ಲವಲ್ಲ’ ಅಂದಳು. ಕೂತ್ಕೋ ಅಂತ ಗುಡುಗಿದೆ. ಮನೆಗೆ ಬಂದು ಮನವಿಯ ನಕಲು ಹುಡುಕಿ ನೋಡಿದೆ. ಇರಲಿಲ್ಲ ಕಣೇ.

ದೇವರು ನಿನ್ನನ್ನು ನೂರು ಕಾಲ ನಗಿಸುತ್ತಿರಲಿ.

ನಿನ್ನ,
ಜಯದೇವಪ್ಪ

ಮರೆತ ವಿಷಯ: ಅಂಚೆ ಡಬ್ಬಿಗೆ ಹೊರಟವನು ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ. ಹಿಂದಿನ ಒಂಬತ್ತು ಕಾಗದದಲ್ಲೂ ಇದು ಬಿಟ್ಟುಹೋಗಿತ್ತು. ಅವಳ ಮಕ್ಕಳ ಹಾಗೆ ಬರೆದೆ ಅಂತ ಆ ಚೂಡಾಮಣಿಗೆ ಮಾತ್ರ ಎಂದೂ ಹೇಳಬೇಡ.

ವಿಮಲಾ, ನೀನು ವಾಪಸು ಬರಬೇಕು. ಇವತ್ತೂ ಇಬ್ಬರಿಗಾಗುವಷ್ಟು ಅನ್ನ ಮಾಡಿಬಿಟ್ಟೆ. ಅವತ್ತು ಕೂಗಾಡಿದ್ದು ನನ್ನದೇ ತಪ್ಪು. ಬಾ.