ದಿಣ್ಣೂರಿನ ತಿರುವು

೧೨-೨-೧೯೬೨
ಮತ್ತೆ ಕಲ್ಲು ಕಿತ್ತಿದ್ದಾರೆ. ಅದೇ ಜಾಗ — ದಿಣ್ಣೂರಿನ ಹೊಲ, ಹೊಸ ಬಡಾವಣೆಯ ಮೇನ್ ರೋಡ್ ಹಾಯುವಲ್ಲಿ. ಬೇರೆ ಸರ್ವೆ ಕಲ್ಲೆಲ್ಲ ನೆಟ್ಟಲ್ಲೇ ಇವೆ. ಎಂಜಿನಿಯರ್ ವೆಂಕಟರಾಮಯ್ಯನವರು ಕರೆಸಿದರು. “ಯಾರು ಅಂತ ಹೆಸರು ಕೊಡಿ ಗುಂಡಣ್ಣ, ಪೊಲೀಸ್ ಕಂಪ್ಲೇಂಟ್ ಕೊಡೋಣ. ಇಲ್ದಿದ್ರೆ ಬೇರೆ ಸರ್ವೇಯರ್‌ನ ನೋಡ್ಬೇಕಾಗುತ್ತೆ.” ನೌಕರಿ ಇನ್ನೂ ಖಾಯಂ ಆಗಿಲ್ಲ. ತಲೆಯಾಡಿಸಿ ಬಂದೆ.

೧೪-೨, ಬೆಳಿಗ್ಗೆ
ಬೇಗ ಹೋಗಿ ಹುಣಸೆಮರದ ಮರೆಯಲ್ಲಿ ನಿಂತೆ. ಬಂದವಳು ಲಕ್ಕಮ್ಮ. ಆ ಹೊಲದ ಯಜಮಾನಿ. ಬಿಸಿಲಲ್ಲಿ ನಮಗೆಲ್ಲ ಮಜ್ಜಿಗೆ ಕೊಡುವವಳು. ನನ್ನನ್ನು ಕಂಡ ಮೇಲೂ ಗುದ್ದಲಿ ನಿಲ್ಲಿಸಲಿಲ್ಲ.
“ಯಾಕಮ್ಮಾ? ಪರಿಹಾರ ತಗೊಂಡಿದೀರಲ್ಲ?”
“ಒಲ ಕೊಟ್ಟಿವ್ನಿ ಸೋಮಿ. ಇಲ್ಲಿ ನನ್ ಮಗ್ಳು ಮಲಗವ್ಳೆ, ಸೀತಾ. ಸಿಡುಬಾಗಿ ವೋದ್ಲು. ಅವಳ್ ಮ್ಯಾಲೆ ಲಾರಿ ಓಡಿಸ್ತೀರಾ?”
“ಆಫೀಸಲ್ಲಿ ಹೇಳಬೇಕಿತ್ತು.”
“ಯೋಳ್ದೆ. ಅಗೆದು ಬ್ಯಾರೆ ಕಡೆ ಊಳಿ ಅಂದ್ರು. ಇನ್ನೊಂದ್ ದಪ ಮಣ್ಣು ಮಾಡಕ್ಕೆ ನನ್ ಕೈಲಾಗಕಿಲ್ಲ.”
ಗುರುತಿಗೆ ಏನೂ ಇಲ್ಲ. ರಾಗಿ ಕೂಳೆ, ಅಷ್ಟೆ.

೨೦-೨
ಹೆಸರು ಕೊಡಲಿಲ್ಲ. ರಸ್ತೆ ಬಗ್ಗಿಸಿದೆ. ಪ್ಲಾನಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣ ತಿರುವು. ಕಾರಣ: ನೆಲದಡಿ ಬಂಡೆ. ಸಹಿ ಹಾಕಿದೆ. ಮನೆಯಲ್ಲಿ ಹೇಳಿಲ್ಲ.

೩-೩
ಇನ್‌ಸ್ಪೆಕ್ಷನ್. ವೆಂಕಟರಾಮಯ್ಯನವರು ನೆಲವನ್ನು ಬೂಟಿನಿಂದ ಒತ್ತಿ ನೋಡಿದರು. “ಎಲ್ರೀ ಬಂಡೆ? ಹಾರೆ ಹಾಕಿಸಿ.” ಕೂಲಿ ಮುನಿಆಂಜಿನಪ್ಪ ಹಾರೆ ಎತ್ತಿದ. ಲಕ್ಕಮ್ಮ ಬದುವಿನ ಮೇಲೆ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.
“ಬಂಡೆ ಇಲ್ಲ ಸಾರ್,” ಅಂದೆ. “ಮಗು ಇದೆ.”
ಹಾರೆ ಮೇಲೇ ನಿಂತಿತು. ಮುನಿಆಂಜಿನಪ್ಪ ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟ. ಚಪ್ಪಲಿ ಕಳಚಿ ಹಿಂದೆ ಸರಿದ.
ಎಂಜಿನಿಯರ್ ಪ್ಲಾನು ಸುತ್ತಿ ಕಂಕುಳಿಗೆ ಸೇರಿಸಿದರು.
“ಸುಳ್ಳು ರಿಪೋರ್ಟ್ ಬರೆದಿದೀರಿ.”
“ಹೌದು ಸಾರ್.”
“ನಾಳೆಯಿಂದ ಬರ್ಬೇಡಿ.”
ಜೀಪು ಹತ್ತುವಾಗ ಮೇಸ್ತ್ರಿಗೆ ಹೇಳಿದ್ದು ಕೇಳಿಸಿತು — “ತಿರುವು ಹಂಗೇ ಇರ್ಲಿ.”

೯-೮-೧೯೬೬
ಯಶವಂತಪುರದ ಹೆಂಚಿನ ಫ್ಯಾಕ್ಟರಿಯಲ್ಲಿ ಗುಮಾಸ್ತೆ ಕೆಲಸ, ಅಲ್ಲೇ ಮನೆ. ದಿಣ್ಣೂರಿನ ಕಡೆ ಹೋಗಲು ಮನಸ್ಸೇ ಬಂದಿರಲಿಲ್ಲ. ಇವತ್ತು ಬಸ್ಸು ಹತ್ತಿದೆ. ಊರಿನ ಗುರುತೇ ಸಿಗಲಿಲ್ಲ. ಎಲ್ಲೆಲ್ಲೂ ತಾರಸಿ ಮನೆ. ತಿರುವಿನಲ್ಲಿ ಜನವೋ ಜನ — ಸರ್ದಾರ್ ಎಂಬುವನ ಸೈಕಲ್ ಶಾಪು, ಟೀ ಅಂಗಡಿ, ಹೂವಿನವರು. ಬಸ್ಸು ಹಾರನ್ ಹೊಡೆಯುತ್ತ ತೆವಳಿತು.
“ಯಾವಾಗಲೂ ಹಿಂಗೇನಾ?” ಪಕ್ಕದ ಸೀಟಿನವರನ್ನು ಕೇಳಿದೆ.
“ಇಲ್ಲಿ ಗಾಡಿ ಸ್ಲೋ ಆಗ್ಲೇಬೇಕಲ್ಲ ಸಾರ್. ಮೊದ್ಲು ಒಂದ್ ಅಜ್ಜಿ ಸೊಪ್ಪು ಇಟ್ಕೊಂಡು ಕೂತ್ಲಂತೆ. ಅವಳನ್ನ ನೋಡಿ ಎಲ್ರೂ ಬಂದ್ರು. ಈಗ ಇದೇ ಏರಿಯಾಗೆಲ್ಲ ಮಾರ್ಕೆಟ್.”
ಇಳಿದುಬಿಟ್ಟೆ. ದಂಟಿನ ರಾಶಿಯ ಹಿಂದೆ ಲಕ್ಕಮ್ಮ. ಕೂದಲು ಪೂರ್ತಿ ಬೆಳ್ಳಗೆ. ಕಟ್ಟು ಎಷ್ಟು ಅಂತ ಕೇಳಿದೆ. ತಲೆ ಎತ್ತಿ ನೋಡಿದಳು. ಆಮೇಲೆ ಗೋಣಿಚೀಲ ಸರಿಸಿ ಜಾಗ ಮಾಡಿದಳು.
“ಕುಂತ್ಕೊ ಸೋಮಿ.”
ಅಷ್ಟು ಜನರ ನಡುವೆ ನೆಲದ ಮೇಲೆ ಕೂತೆ. ಬೆನ್ನ ಹಿಂದೆ ಸೀತಾ ಮಲಗಿದ ಜಾಗ; ಲಕ್ಕಮ್ಮನ ಜೊತೆ ಸೊಪ್ಪಿನ ಕಟ್ಟು ಕಟ್ಟತೊಡಗಿದೆ.