ಮಾವನವರ ತಟ್ಟೆಗೆ ಮುರು ಮೀನು

ಪ್ರೀತಿಯ ಅತ್ತೆಗೆ,

ಸೋಪು, ನಿಂಬೆಸಿಪ್ಪೆ, ಕಡಲೆಹಿಟ್ಟು ಎಲ್ಲ ಹಾಕಿ ತಿಕ್ಕಿದರೂ ಮೀನಿನ ವಾಸನೆ ಬಿಡದ ಕೈಗಳಿಂದ ನಿಮ್ಮ ಸೊಸೆ ಶೈಲಶ್ರೀಯ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದವನ್ನು ಕೊನೆಯಿಂದ ಓದಬೇಡಿ. ಪೇಪರು ಬಂದರೂ ಹಿಂದಿನ ಪುಟದಿಂದ ಶುರುಮಾಡುವ ನಿಮ್ಮ ಚಾಳಿ ನನಗೆ ಗೊತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವುದರೊಳಗೆ ನೀವು “ಆಯ್ತು, ಗ್ಯಾಸು ಬಂದ್ ಮಾಡಿ ಮಲಗು” ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿಮ್ಮಿಂದಲೂ ಆಗದು. ನಾದಿನಿ ದೀಕ್ಷಿತಾಳ ಕೂಸು ಮಲಗಿದ ಮೇಲೆ ಒಂದು ಕಡೆ ಕೂತು ಪೂರ್ತಿ ಓದಿ.

ಮದುವೆಯಾಗಿ ಬಂದ ಹೊಸತರಲ್ಲಿ ನಿಮ್ಮ ಮನೆಯ ಒಂದು ಸಂಗತಿ ನನ್ನ ತಲೆಗೆ ಹೋಗುತ್ತಿರಲಿಲ್ಲ. ಪುಣೆಯ ಸಿಂಹಗಡ ರಸ್ತೆಯಲ್ಲಿ ಮೀನೂಟ ಎಂದರೆ ನಮ್ಮ ಹೋಟೆಲು. ಮಧ್ಯಾಹ್ನ ಜನ ಬಾಗಿಲಲ್ಲಿ ನಿಂತು ಕಾಯುತ್ತಾರೆ. ಅಂಥ ಹೋಟೆಲಿನ ಯಜಮಾನರು ಮಾತ್ರ ಮೇಲಿನ ಮನೆಯಲ್ಲಿ ಕೂತು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಾರೆ! ಯಾಕೆಂದು ಕೇಳಿದ್ದಕ್ಕೆ ಮಾವ ನಕ್ಕಿದ್ದರು. “ಪುಣೆಗೆ ಬರುವುದು ಮೀನಲ್ಲ ಮಾರಾಯ್ತಿ, ಐಸು. ಇಲ್ಲಿಯವರಿಗೆ ಅದೇ ರುಚಿ. ನಾನು ಮಲ್ಪೆಯವ.” ವರ್ಷಕ್ಕೆರಡು ಸಲ ನೀವಿಬ್ಬರೂ ಊರಿಗೆ ಹೋಗಿ, ಅವತ್ತು ಹಿಡಿದದ್ದನ್ನು ಅವತ್ತೇ ಹೊಟ್ಟೆ ತುಂಬ ತಿಂದು ಬರುತ್ತಿದ್ದಿರಿ. ಬಂದ ಮೇಲೂ ವಾರದವರೆಗೆ ಅದೇ ಸುದ್ದಿ.

ಆಮೇಲೆ ಅವರ ಬೆನ್ನಿನ ಆಪರೇಶನ್ ಆಯಿತು. ಹೆಚ್ಚು ಹೊತ್ತು ಕೂತು ಪ್ರಯಾಣ ಮಾಡುವ ಹಾಗೇ ಇಲ್ಲ ಎಂದರು ಡಾಕ್ಟರು. ಊರೂ ಹೋಯಿತು, ಮೀನೂ ಹೋಯಿತು. ಈ ಎರಡು ವರ್ಷದಲ್ಲಿ ಮಾವ ಮೆಟ್ಟಿಲಿಳಿದು ಗಲ್ಲಾದಲ್ಲಿ ಕೂರುವುದನ್ನೂ ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಾರೆ, ತಟ್ಟೆಯಲ್ಲಿ ಕೈಯಾಡಿಸುತ್ತಾರೆ, ಏಳುತ್ತಾರೆ. ಅವರು ಬಿಟ್ಟ ದಿನವೇ ನೀವೂ ಮೀನು ಬಿಟ್ಟಿರಿ. ಕೇಳಿದವರಿಗೆಲ್ಲ ಹಲ್ಲಿನ ಸಂದಿಗೆ ಮುಳ್ಳು ಸಿಗುತ್ತದೆ ಎಂದಿರಿ. ದಿನಾ ಅಷ್ಟು ದೊಡ್ಡ ಪಾತ್ರೆಯಲ್ಲಿ ಸಾರು ಕುದಿಸಿ, ವಾಸನೆಯಲ್ಲೇ ಉಪ್ಪು ಅಳೆದು, ನಾಲಿಗೆಗೆ ಒಂದು ಹನಿ ಮುಟ್ಟಿಸುತ್ತಿರಲಿಲ್ಲ. ನನಗೆ ಗೊತ್ತಾಗಲಿಲ್ಲ ಎಂದುಕೊಂಡಿರಾ? ಎಲ್ಲ ನೋಡುತ್ತಿದ್ದೆ ಅತ್ತೆ.

ನೀವು ದೀಕ್ಷಿತಾಳ ಬಾಣಂತನಕ್ಕೆ ಮಲ್ಪೆಗೆ ಹೊರಟ ಮೇಲೆ ನಿಮ್ಮ ಮಗ ಕುಶಲ ಒಂದು ದಿನ ಅಪ್ಪನಿಗೆ ಹೇಳಿದರು, ಕೊಂಕಣದ ದಂಡೆಗೆ ಹೋಗಿ ದೋಣಿಯಿಂದಲೇ ತಾಜಾ ಮೀನು ತರುತ್ತೇನೆ ಎಂದು. ಮಾವ ಒಪ್ಪಲಿಲ್ಲ. ದೋಣಿ ದಿನಗಟ್ಟಲೆ ಕಡಲಲ್ಲೇ ಇರುತ್ತದೆ, ಯಾವ ದಿನದ ಮೀನೆಂದು ಹೇಗೆ ನಂಬಲಿ ಎಂದರು. “ನಮ್ಮ ಮನೆಯವರ ಕೈಯೇ ಎಳೆದ ಮೀನಾದರೆ ಪುಣೆಯಲ್ಲಿ ಕೂತೇ ತಿನ್ನುತ್ತೇನೆ. ಎಳೆಯುವವರು ಯಾರು, ಹೇಳು?” ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಲೆಕ್ಕ ಸರಿಯೇ. ಮಗ ಪುಣೆಯಲ್ಲಿ ಹುಟ್ಟಿದವರು, ಈಜುಕೊಳ ನೋಡಿದರೂ ತಲೆ ತಿರುಗುತ್ತದೆ. ಸೊಸೆ ಬ್ಯಾಡಗಿ ಕಡೆಯಿಂದ ಬಂದು ಇಲ್ಲೇ ಖಡಕಿಯಲ್ಲಿ ನೆಲೆಸಿದ, ಮೊಟ್ಟೆಯೂ ಒಳಗೆ ಬಾರದ ಮನೆಯವಳು. ಆದರೆ ಆ ಮಾತು ನನಗೆ ನಾಟಿತು. ಯಾರು ಎಂದು ಕೇಳಿದರಲ್ಲ, ನಾನೇ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ.

ಈಗ ನಿಮಗೆ ಹೊಳೆಯುತ್ತಿರಬೇಕು. ಅಲ್ಲಿಂದೀಚೆಗೆ ನಾನು ಫೋನಿನಲ್ಲಿ, ನೀವು ಚಿಕ್ಕವರಿದ್ದಾಗ ಬಂಡೆಯ ಮೇಲೆ ನಿಂತು ಗಾಳ ಹಾಕುತ್ತಿದ್ದ ಕಥೆ ಕೆದಕಿ ಕೆದಕಿ ಕೇಳಿದ್ದು ಹೊತ್ತು ಹೋಗದೆ ಅಲ್ಲ. ನಿಮಗೇ ಗೊತ್ತಿಲ್ಲದೆ ನಿಮ್ಮಿಂದ ಪಾಠ ಹೇಳಿಸಿಕೊಂಡೆ.

ಮೊದಲ ಸಲ ಹೋದದ್ದು ಅಮಾವಾಸ್ಯೆಯ ಮರುದಿನ. ಹಿಂದಿನ ದಿನವೇ ನಾನೂ ನಿಮ್ಮ ಮಗನೂ ತಾಮ್ಹಿಣಿ ಘಾಟ್ ಇಳಿದು ಕೊಂಕಣದ ದಂಡೆಯ ಶ್ರೀವರ್ಧನದ ಹತ್ತಿರ ಉಳಿದೆವು. ಒಳ್ಳೆಯ ಕೆಲಸವೆಲ್ಲ ಸೂರ್ಯ ಹುಟ್ಟುವ ಮುಂಚೆ ಆಗಬೇಕೆನ್ನುವ ಮನೆಯಲ್ಲಿ ಬೆಳೆದವಳು ನಾನು. ಗಾಳದ ಹೊಸ ರಾಡು, ದಾರ ಸುತ್ತುವ ಹೊಸ ರೀಲು ಹಿಡಿದು ನಸುಕಿನಲ್ಲೇ ಬಂಡೆಗೆ ಹೋಗಿ ನಿಂತರೆ ಕಡಲೇ ಇಲ್ಲ! ಅಷ್ಟು ದೂರ ಹಿಂದೆ ಸರಿದು ಬರೀ ಕೆಸರು, ಕಲ್ಲು. ಬಂಡೆಯಿಂದ ಚಿಪ್ಪು ಕೆತ್ತುತ್ತಿದ್ದ ಅಜ್ಜಿಯೊಬ್ಬಳು ನನ್ನನ್ನೂ ರಾಡನ್ನೂ ನೋಡಿ “ಪಾಣಿ ಗೇಲಂ ಬಾಯಿ” ಎಂದಳು. ನೀರು ಹೋಯಿತಮ್ಮ ಎಂದು. ನಿಮ್ಮ ಮಗ ಮಧ್ಯಾಹ್ನದವರೆಗೆ ನಕ್ಕರು.

ಅವತ್ತು ರಾತ್ರಿ ಸುಮ್ಮನೆ ಕೇಳಿದಂತೆ ನಿಮ್ಮನ್ನು ಕೇಳಿದೆ, ಮೀನು ಹಿಡಿಯಲು ಯಾವ ಹೊತ್ತು ಒಳ್ಳೆಯದು ಎಂದು. “ಕಡಲಿಗೆ ಸೂರ್ಯ ಎಂತ ಮಾಡ್ತಾನೆ? ನೀರು ಏರುವಾಗ ಮೀನು ಹೊಟ್ಟೆಪಾಡಿಗೆ ದಡಕ್ಕೆ ಬರ್ತದೆ. ತಿಥಿ ನೋಡ್ಬೇಕು” ಎಂದಿರಿ. ಗೋಡೆಯ ಕ್ಯಾಲೆಂಡರು ಇಳಿಸಿಕೊಂಡು ಕೂತೆ. ಅಮಾವಾಸ್ಯೆ, ಹುಣ್ಣಿಮೆಗೆ ಆ ದಂಡೆಯಲ್ಲಿ ನೀರು ಏರಿ ಭರತ ತುಂಬುವುದು ನಡುಮಧ್ಯಾಹ್ನಕ್ಕೆ. ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ ತಡವಾಗುತ್ತ ಹೋಗುತ್ತದೆ. ಅಷ್ಟಮಿಗೆ ನೀರು ಸೋಮಾರಿ. ದಶಮಿಯ ಹೊತ್ತಿಗೆ ಬೆಳಗಿನ ಜಾವ ಏರತೊಡಗಿ ಎಂಟರ ಸುಮಾರಿಗೆ ತುಂಬುತ್ತದೆ. ಹಾಗಾದರೆ ಮಾವನವರ ಮಧ್ಯಾಹ್ನದ ಊಟಕ್ಕೆ ಪುಣೆ ಮುಟ್ಟಬಹುದು. ನಿಮ್ಮ ಮಗ ಮೊಬೈಲಿನಲ್ಲಿ ನೋಡಿದರೆ ಅದೂ ಅದನ್ನೇ ಹೇಳಿತು.

ಎರಡನೆಯ ಸಲ ಕಡಲಿತ್ತು, ಬುದ್ಧಿ ಇರಲಿಲ್ಲ. ಹಾಕಿದ ಗಾಳವೆಲ್ಲ ಕಲ್ಲಿಗೆ ಸಿಕ್ಕಿ ಹರಿಯಿತು. ಹಿಂದಿನ ಸಲ ರೀಲಿಗೆ ಸಿಹಿನೀರು ತೋರಿಸದೆ ಚೀಲದಲ್ಲಿಟ್ಟಿದ್ದೆ, ಉಪ್ಪು ಹಿಡಿದು ಕಟಕಟ ಎನ್ನುತ್ತಿತ್ತು. ಕೊನೆಗೆ ಬೆರಳುದ್ದದ ಎರಡು ಕಾಣೆ ಮೀನು ಸಿಕ್ಕವು. ಕುಣಿದಾಡಿಬಿಟ್ಟೆ. ಐಸು ಡಬ್ಬಿಯಲ್ಲಿ ಹಾಗೇ ಹಾಕಿದ್ದರಿಂದ ಘಾಟ್ ಹತ್ತುವಷ್ಟರಲ್ಲಿ ಐಸು ಕರಗಿ, ನೀರಿನಲ್ಲಿ ನೆನೆದು ಮೆತ್ತಗಾಗಿದ್ದವು. ಮಾವನವರಿಗೆ ತೋರಿಸುವ ಮುಖವಿರಲಿಲ್ಲ. ಹಿತ್ತಲ ಬೆಕ್ಕಿಗೆ ಹಬ್ಬವಾಯಿತು. ಇನ್ನು ಸಾಕು, ಅಪ್ಪ ತಮಾಷೆಗೆ ಹೇಳಿದ್ದು ಎಂದರು ನಿಮ್ಮ ಮಗ. ನಾನು ಪಟ್ಟು ಬಿಡಲಿಲ್ಲ. ಮತ್ತೆ ನಿಮಗೇ ಫೋನು. ಗಾಳ ಮುಳುಗಿಸುವ ಸೀಸದ ತುಂಡನ್ನು ಹಳೆಯ ದಾರದಲ್ಲಿ ಕಟ್ಟಬೇಕು, ಕಲ್ಲಿಗೆ ಸಿಕ್ಕರೆ ಅದೊಂದೇ ಹರಿದು ಗಾಳ ಉಳಿಯುತ್ತದೆ ಎಂದಿರಿ. ಗಂಟನ್ನು ಎಂಜಲು ಹಚ್ಚಿ ಬಿಗಿಯಬೇಕು, ಸಿಗಡಿಯನ್ನು ಸಿಪ್ಪೆ ಸಮೇತ ಬಾಲದ ಕಡೆಯಿಂದ ಚುಚ್ಚಬೇಕು, ಒದ್ದೆಯಾಗಿ ಕಪ್ಪಗೆ ಕಾಣುವ ಬಂಡೆಯ ಮೇಲೆ ಕಾಲಿಡಬಾರದು, ಕಡಲಿಗೆ ಬೆನ್ನು ಹಾಕಲೇಬಾರದು. ಮುರು ಮೀನಿನ ವಿಷಯ ಹೇಳುವಾಗಂತೂ ನಿಮ್ಮ ದನಿಯೇ ಬೇರೆಯಾಗಿತ್ತು. “ಅದಕ್ಕೆ ದಾರ ಬಿಟ್ಟೆಯೋ, ಕಲ್ಲಿನ ಸಂದಿಗೆ ಹೋಗಿ ಕಿವಿರು ಉಬ್ಬಿಸಿ ಕೂತುಬಿಡ್ತದೆ. ಕಚ್ಚಿದ ಕೂಡಲೇ ಎಳೀಬೇಕು, ದಯೆ ದಾಕ್ಷಿಣ್ಯ ಬೇಡ.”

ಕಳೆದ ಭಾನುವಾರ ದಶಮಿ. ಒಣ ಬಂಡೆಯ ಮೇಲೆ ನಿಂತು ಮೊದಲು ಅಲೆಗಳನ್ನು ನೋಡಿದೆ, ಎಲ್ಲಿಯವರೆಗೆ ಬಂದು ಬಡಿಯುತ್ತವೆ ಎಂದು. ನೀರು ಏರುತ್ತಿತ್ತು. ಮೊದಲ ಗಾಳದ ಸಿಗಡಿಯನ್ನು ಏಡಿ ತಿಂದುಹಾಕಿತು, ಎರಡನೆಯದೂ ಹಾಗೇ. ಮೂರನೆಯ ಸಲ ರಾಡಿನ ತುದಿ ಒಮ್ಮೆ ತಲೆಯಾಡಿಸಿತು, ಆಮೇಲೆ ಪೂರಾ ಬಗ್ಗಿತು. ನಿಮ್ಮ ಮಾತು ಕಿವಿಯಲ್ಲಿತ್ತು, ದಾರ ಬಿಡಲಿಲ್ಲ. ಸುತ್ತಿದೆ, ಸುತ್ತಿದೆ, ರಟ್ಟೆ ಬಿದ್ದುಹೋಗುತ್ತದೆ ಎನಿಸಿತು. ಇನ್ನೇನು ಬಂಡೆಯ ಬುಡಕ್ಕೆ ಬಂತು ಎನ್ನುವಾಗ ಆ ಹಾಳು ರೀಲು ಕೈಕೊಟ್ಟಿತು ನೋಡಿ, ಅಲ್ಲಾಡಲೊಲ್ಲದು. “ಬರ್ರಿ ಇಲ್ಲಿ, ರಾಡ್ ಹಿಡೀರಿ” ಎಂದು ನಿಮ್ಮ ಮಗನಿಗೆ ಕೂಗಿದೆ. ಅವರು ನೀರಿನ ಕಡೆ ನೋಡದೆ, ಕಣ್ಣು ಮುಚ್ಚಿಕೊಂಡೇ ಬಂದು ರಾಡು ಹಿಡಿದರು. ನಾನು ದಾರವನ್ನು ಕೈಗೇ ತೆಗೆದುಕೊಂಡು ಎಳೆದೆ. ಅಂಗೈ ಕೊಯ್ದದ್ದು ಆಗ ಗೊತ್ತೇ ಆಗಲಿಲ್ಲ. ಮೇಲೆ ಬಂದು ಬಿತ್ತು ಅತ್ತೆ, ಮುರು ಮೀನು! ನನ್ನ ಮೊಳದುದ್ದ, ಕಂದು ಚುಕ್ಕೆ, ಬಾಯಿ ಇಷ್ಟಗಲ! ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಚಿಪ್ಪಿನ ಅಜ್ಜಿ ಅಲ್ಲೇ ಇದ್ದಳು, ಬಂದು ನನ್ನ ಬೆನ್ನು ತಟ್ಟಿದಳು.

ಗೆದ್ದೆನೆಂದು ಮೈಮರೆಯಲಿಲ್ಲ. ಕೂಡಲೇ ಕಿವಿರು ಕೊಯ್ದು ರಕ್ತ ಹರಿಯಬಿಟ್ಟೆ, ಹೊಟ್ಟೆ ಬಿಡಿಸಿ ಕಡಲ ನೀರಿನಲ್ಲೇ ತೊಳೆದೆ. ಐಸಿನ ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲೂ ಕೆಳಗೂ ಐಸು ತುಂಬಿದೆ. ಘಾಟ್ ಹತ್ತುವಾಗ ನನ್ನವ್ವನ ಫೋನು ಬಂತು. ಸುದ್ದಿ ಹೇಳಿದರೆ, “ಅಯ್ಯ ನಮ್ಮವ್ವ, ಹುಳ ಕಂಡ್ರ ಓಡಾಕಿ ನೀನು, ಮೀನ ಹಿಡಿದೀ?” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ನಿಮ್ಮ ಮಾವಾರು ಉಣ್ತಾರನು?” ಅದನ್ನೇ ನಾನೂ ದಾರಿಯುದ್ದಕ್ಕೂ ಕೇಳಿಕೊಳ್ಳುತ್ತಿದ್ದೆ.

ಅಡುಗೆಮನೆಯಲ್ಲಿ ನೀವಿಲ್ಲ, ಪ್ರತಿಯೊಂದನ್ನೂ ಎರಡೆರಡು ಸಲ ಅಳೆದೆ. ಕೊತ್ತಂಬರಿ, ಜೀರಿಗೆ, ನಾಲ್ಕು ಮೆಂತ್ಯ ಹುರಿದೆ. ಬ್ಯಾಡಗಿ ಮೆಣಸಿನಕಾಯಿ ಹುರಿಯುವಾಗ ಮಾತ್ರ ಧೈರ್ಯ ಬಂತು, ಅದು ನಮ್ಮ ಕಡೆಯದು ತಾನೆ. ಕಾಯಿಯ ಜೊತೆ ನುಣ್ಣಗೆ ರುಬ್ಬಿ, ಹುಣಸೆಹುಳಿ ಬಿಟ್ಟು, ಮಸಾಲೆಯ ಹಸಿ ವಾಸನೆ ಹೋಗುವವರೆಗೆ ಕುದಿಸಿದ ಮೇಲೆಯೇ ಮೀನು ಹಾಕಿದೆ. ಸೌಟು ಮುಟ್ಟಲಿಲ್ಲ. ನೀವು ಮಾಡುವ ಹಾಗೆ ಮಣ್ಣಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದೆ. ತುಂಡುಗಳು ಕುದಿಯಲ್ಲಿ ಬೆನ್ನು ಬಗ್ಗಿಸಿದವು. ಹಳೆಯ ಮೀನು ಹಾಗೆ ಬಗ್ಗುವುದಿಲ್ಲ ಎಂದು ನೀವೇ ಹೇಳಿದ್ದಿರಿ. ತಲೆಯ ಕಣ್ಣು ಬೆಳ್ಳಗಾದದ್ದೇ ಒಲೆ ಆರಿಸಿದೆ.

ಕುಚ್ಚಲಕ್ಕಿ ಅನ್ನದ ಪಕ್ಕ ಸಾರು ಬಡಿಸಿ ತಂದಿಟ್ಟೆ. ಮಾವ ಮೂಗು ಅರಳಿಸಿದರು, ಆಮೇಲೆ ಹುಬ್ಬು ಗಂಟಿಕ್ಕಿದರು. ಮೀನಿನ ತುಂಡನ್ನು ಬೆರಳಿನಿಂದ ಒತ್ತಿ ನೋಡಿ, ಇದು ಎಲ್ಲಿಯದು ಎಂದರು. ನಾನು ಅಂಗೈ ಬಿಡಿಸಿ ತಟ್ಟೆಯ ಪಕ್ಕ ಹಿಡಿದೆ. ದಾರ ಕೊಯ್ದ ಗೆರೆ ಇನ್ನೂ ಕೆಂಪಗಿತ್ತು. ಆ ಗೆರೆ ಎಂಥದೆಂದು ಮಲ್ಪೆಯವರಿಗೆ ಹೇಳಿಕೊಡಬೇಕೆ? ತುಂಬ ಹೊತ್ತು ನೋಡಿದರು. “ಅಕ್ಕುವಿನ ಕೈಯಲ್ಲೂ ಹೀಗೇ ಒಂದು ಗೆರೆ ಇತ್ತು, ಮದುವೆಯ ಹೊತ್ತಿಗೆ” ಎಂದು ನಿಮ್ಮನ್ನು ನೆನೆದರು. ಅಷ್ಟೇ. ಅನ್ನಕ್ಕೆ ಕೈ ಹಾಕಿದರು.

ತಿಂದರು ಅತ್ತೆ! ತಲೆ ಬಗ್ಗಿಸಿ ತಿಂದರು. ಎರಡನೆಯ ಸಲ ತಾವೇ ತಟ್ಟೆ ಮುಂದೆ ತಳ್ಳಿದರು. ತಲೆಯನ್ನು ಕೇಳಿ ಹಾಕಿಸಿಕೊಂಡು ಚೀಪಿ ಚೀಪಿ ಮೂಳೆ ಬೆಳ್ಳಗೆ ಮಾಡಿದರು. ನಿಮ್ಮ ಮಗ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕೈ ತೊಳೆದು ಬಂದ ಮೇಲೆ ಮಾವ ಹುಳಿ ಒಂಚೂರು ಮುಂದಾಯಿತು ಎಂದು ತಪ್ಪು ಹಿಡಿದರು. ಎರಡು ವರ್ಷದಿಂದ ಅವರು ಯಾವ ಅಡುಗೆಯನ್ನೂ ಬೈದಿರಲಿಲ್ಲ. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿಲ್ಲ. ಸಂಜೆ ಊರುಗೋಲು ಹಿಡಿದು ಮೆಟ್ಟಿಲಿಳಿದು, ಗಲ್ಲಾದ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು, ಬಂದ ಗಿರಾಕಿಗಳಿಗೆಲ್ಲ ಸೊಸೆ ಹಿಡಿದ ಮೀನಿನ ಉದ್ದ ತೋರಿಸಿದರು. ಗಿರಾಕಿಯಿಂದ ಗಿರಾಕಿಗೆ ಮೀನು ಬೆಳೆಯುತ್ತಲೇ ಹೋಯಿತು.

ಈಗ ಕಾಗದದ ಕೊನೆಗೆ ಬಂದಿರಿ. ದೀಕ್ಷಿತಾ ನನಗೆ ಎಲ್ಲ ಹೇಳಿದ್ದಾಳೆ. ದಿನಾ ಬೆಳಗ್ಗೆ ಮನೆಯ ಬಾಗಿಲಿಗೇ ಮೀನು ಬರುವ ಊರಿನಲ್ಲಿ ಕೂತು, ಬಾಣಂತಿಗೆ ಕೈಯಾರೆ ಸಾರು ಮಾಡಿ ಬಡಿಸಿ, ನೀವು ಮಾತ್ರ ಗಂಜಿ ಉಪ್ಪಿನಕಾಯಿ ಉಣ್ಣುತ್ತೀರಂತೆ. ನಾನು ಮಾವನಿಗೆ ಹೇಳಿಬಿಟ್ಟೆ. ಹಲ್ಲಿನ ನೆಪವನ್ನು ಅವರು ಇಷ್ಟು ದಿನ ನಂಬಿದ್ದರಂತೆ, ಗಂಡಸರ ಬುದ್ಧಿ ನೋಡಿ. ಊರುಗೋಲು ಹಿಡಿದು ಕಿಟಕಿಯವರೆಗೆ ಹೋಗಿ ಬಂದರು. ಆಮೇಲೆ ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ. “ಅಕ್ಕುವಿಗೆ ಕಾಗದ ಹಾಕು. ನಾನು ಉಂಡೆ ಅಂತ ಹೇಳು. ಇನ್ನು ಅವಳು ಉಣ್ಣಲಿ.”

ವಯಸ್ಸಿನಲ್ಲಿ ಚಿಕ್ಕವಳು ಹಿರಿಯರಿಗೆ ಹರಸಬಾರದು. ಆದರೂ ಹರಸುತ್ತೇನೆ, ನಿಮ್ಮ ತಟ್ಟೆಯಲ್ಲಿ ಮೀನು ಇನ್ನೆಂದೂ ತಪ್ಪದಿರಲಿ. ಕೂಸಿಗೆ ನನ್ನ ಮುತ್ತು. ಫೋನು ಆಮೇಲೆ ಮಾಡಿ. ಮೊದಲು ಎದ್ದು ಬಂಗುಡೆ ಹುರಿದುಕೊಳ್ಳಿ.

ಕೈಯ ಗೆರೆಯಲ್ಲಿ ನಿಮ್ಮಂತೆಯೇ ಆದ ಸೊಸೆ,
ಶೈಲಶ್ರೀ
ಪುಣೆ