ಬಿಳಿಮೂತಿಯ ರಕ್ತದ ವರದಿ

ಮಾಮ,

ನಮ್ಮ ಕುದುರೆ ಬಿಳಿಮೂತಿಯ ಲಿವರ್ ಕೆಟ್ಟಿದೆ ಎಂಬ ವರದಿಯನ್ನು ನೀನು ಬಚ್ಚಿಟ್ಟೆ. ಇವತ್ತು ಅದು ಜೀನುಗಳ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ನೀನು ಲಾಯ ಬಿಟ್ಟುಹೋದದ್ದು ಅದು ಬಂದ ಮರುದಿನ. ವಿಳಾಸವನ್ನೂ ಕೊಡಲಿಲ್ಲ, ಈ ಪತ್ರ ನಿನಗೆ ತಲುಪುವುದಿಲ್ಲ.

ಅವಳ ಮೂತಿಯ ಚರ್ಮ ಸುಲಿದಾಗ ನಾನು ಪಶು ಆಸ್ಪತ್ರೆಯ ಕರಪತ್ರ ಓದಿ ಹೇಳಿದ್ದೆ: ಬಿಳಿ ಭಾಗ ಮಾತ್ರ ಬಿಸಿಲಿಗೆ ಸುಟ್ಟರೆ ಲಿವರ್ ಕೆಟ್ಟಿರಬಹುದು, ರಕ್ತ ಪರೀಕ್ಷಿಸಿ.

"ನಿನ್ನ ಕರಪತ್ರಾನ ಕುದುರೆಗೇ ಓದಿ ಹೇಳು, ವಾಸಿಯಾದ್ರೂ ಆದೀತು! ಬರೀ ಬಿಸಿಲು ಕಣೋ, ಮುಲಾಮು ಹಚ್ಚು" ಎಂದು ನೀನು ನಕ್ಕೆ. ನಾನು ನಂಬಿ ಹಚ್ಚಿದೆ. ನೀನು ನನ್ನ ಬೆನ್ನ ಹಿಂದೆ ಅವಳ ರಕ್ತ ಪರೀಕ್ಷೆಗೆ ಕಳಿಸಿದ್ದೆ.

ಇವತ್ತು ಡಾಕ್ಟರು ಅವಳ ತುಟಿ ಎತ್ತಿದರು. ಒಸಡು ಹಳದಿಯಾಗಿತ್ತು. ಒಣಹುಲ್ಲಿನ ಕಟ್ಟು ಬಿಚ್ಚಿ ವಿಷದ ಕಳೆ ಹೆಕ್ಕಿ ತೋರಿಸಿದರು. ಕಾಲುವೆ ದಂಡೆಯಲ್ಲಿ ನೀನೇ ಕೊಯ್ದ ಹುಲ್ಲು.

"ಅಲ್ಲಪ್ಪಾ, ವರದಿ ಬಂದು ತಿಂಗಳಾಯ್ತು. ಇದನ್ನ ಇಲ್ಲೀತನಕ ತಿನ್ನಿಸ್ತಾ ಇದ್ದೋರು ಯಾರು?"

ದಿನವೂ ಆ ಹುಲ್ಲು ಹಾಕಿದ ಕೈಗಳನ್ನು ನಾನು ಹಿಂದೆ ಕಟ್ಟಿಕೊಂಡು ನಿಂತೆ.

ಈಗ ಅವಳನ್ನು ನೆರಳಿನಲ್ಲಿ ಕಟ್ಟಿದ್ದೇನೆ. ಬೇರೆ ಹುಲ್ಲನ್ನು ದಿನಕ್ಕೆ ಆರು ಸಲ, ಸ್ವಲ್ಪಸ್ವಲ್ಪವೇ ಹಾಕುತ್ತೇನೆ. ಸೂಜಿ ಕಂಡರೆ ಒದೆಯುತ್ತಾಳೆ. ನೀನು ಕಿವಿ ಹಿಡಿದರೆ ಮಾತ್ರ ನಿಲ್ಲುತ್ತಿದ್ದಳು.

ಮತ್ತೆ ರಕ್ತ ತೆಗೆಯುವುದು ಗುರುವಾರ ಬೆಳಿಗ್ಗೆ ಏಳಕ್ಕೆ. ಲಾಯದ ಹಿಂಬಾಗಿಲು ತೆಗೆದಿರುತ್ತೇನೆ.